ಮೋರಾ ಚಾಕುವಿಗೆ ಎಷ್ಟು ಡಿಗ್ರಿ, ಲಾರಿ ಪ್ಲೇಟಿನ ಕತ್ತಿಗೆ ಎಷ್ಟು?

ಪ್ರಶ್ನೆ: ನನ್ನ ಹತ್ತಿರ ಎರಡು ಕಾರ್ಬನ್ ಸ್ಟೀಲ್ ಅಲಗುಗಳಿವೆ. ಒಂದು, ತಂಗಿ ಸ್ವೀಡನ್‌ನಿಂದ ತಂದುಕೊಟ್ಟ ಮೋರಾ ಕಂಪಾನಿಯನ್ ಚಾಕು. ಇನ್ನೊಂದು, ನಮ್ಮೂರ ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪ್ಲೇಟ್ ಬಡಿಸಿ ಮಾಡಿಸಿದ ಹೊಸ ಕತ್ತಿ. ಚಾಕು ಚಾರಣಕ್ಕೆ, ಕತ್ತಿ ತೋಟಕ್ಕೆ. ವಿಡಿಯೋ ನೋಡಿ ಎರಡಕ್ಕೂ 20 ಡಿಗ್ರಿಯಲ್ಲಿ ಮಸೆದೆ. ಈಗ ಮೋರಾ ಮರಕ್ಕೆ ಕಚ್ಚುವುದಿಲ್ಲ, ಜಾರುತ್ತದೆ. ಕತ್ತಿಯನ್ನು ಬಿದಿರಿಗೆ ಹಾಕಿದರೆ ಬಾಯಿ ಮಡಚುತ್ತದೆ. ಒಬ್ಬರು 15 ಅನ್ನುತ್ತಾರೆ, ಇನ್ನೊಬ್ಬರು 30. ಕಾರ್ಬನ್ ಸ್ಟೀಲ್‌ಗೆ ಸರಿಯಾದ ಕೋನ ಯಾವುದು? ಕೋನ ಹಿಡಿದುಕೊಡುವ ಸಾಧನ ಕೊಳ್ಳಬೇಕಾ?

ಉತ್ತರ: ಮೊದಲು ಅಂಕಿ ಹೇಳಿಬಿಡುತ್ತೇನೆ. ಮೋರಾಗೆ ಕಾರ್ಖಾನೆ ಕೊಟ್ಟ ಅಗಲವಾದ ಇಳಿಜಾರನ್ನೇ, ಅಂದರೆ ಬಾಯಿಯ ಕಡೆಗೆ ತೆಳುವಾಗುತ್ತಾ ಬರುವ ಆ ಹೊಳೆಯುವ ಪಟ್ಟಿಯನ್ನೇ, ಉಳಿಸಿಕೊಳ್ಳಿ. ಅದು ಒಂದೊಂದು ಮಗ್ಗುಲಿಗೆ ಸುಮಾರು 11ರಿಂದ 12 ಡಿಗ್ರಿ. ಬಾಯಿ ತಾಳದಿದ್ದರೆ ಮಾತ್ರ ತೀರಾ ಅಂಚಿಗೆ 15 ಕೊಡಿ. ಕತ್ತಿಗೆ ಒಂದೊಂದು ಮಗ್ಗುಲಿಗೆ 22ರಿಂದ 25. ಆದರೆ ಬಾಯಿಯ ಹಿಂದಿನ ದಪ್ಪವನ್ನು ಅರದಲ್ಲಿ ಇಳಿಸಿ, ಆಮೇಲೆ. ಇವು ಶುರು ಮಾಡುವ ಜಾಗ ಅಷ್ಟೇ. ಕೊನೆಯ ಅಂಕಿಯನ್ನು ನಿಮ್ಮ ಕತ್ತಿಯೇ ಹೇಳಬೇಕು, ಹೇಗೆ ಅನ್ನುವುದನ್ನು ಮುಂದೆ ಬರೆದಿದ್ದೇನೆ.

'ಕಾರ್ಬನ್ ಸ್ಟೀಲ್‌ಗೆ ಇಷ್ಟು ಡಿಗ್ರಿ' ಅಂತ ಒಂದು ಲೆಕ್ಕ ಇಲ್ಲ. ನಿಮ್ಮ ಎರಡು ಅಲಗುಗಳನ್ನೇ ನೋಡಿ. ಮೋರಾದ ಉಕ್ಕಿನಲ್ಲಿ ಕಾರ್ಬನ್ ಹೆಚ್ಚುಕಡಿಮೆ ಶೇ. 1. ಹದ ಹಾಕಿದ ಮೇಲೆ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 58ರಿಂದ 60. ಲಾರಿ ಪ್ಲೇಟ್ ಅಂದರೆ ಸ್ಪ್ರಿಂಗ್ ಸ್ಟೀಲ್. ಅದರಲ್ಲಿ ಕಾರ್ಬನ್ ಶೇ. 0.5ರಿಂದ 0.7, ಜೊತೆಗೆ ಸಿಲಿಕಾನ್ ಅಥವಾ ಕ್ರೋಮಿಯಂ ಒಂದಿಷ್ಟು. ಬಗ್ಗಬೇಕು, ಮುರಿಯಬಾರದು ಅಂತಲೇ ಮಾಡಿದ ಉಕ್ಕು ಅದು. ಕುಲುಮೆಯಲ್ಲಿ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದ ಮೇಲೂ ಹೆಚ್ಚಿನವು ಮೋರಾಗಿಂತ ಎಷ್ಟೋ ಮೆತ್ತಗಿರುತ್ತವೆ, ಮತ್ತು ಹಾಗಿರುವುದೇ ಒಳ್ಳೆಯದು. ಕಲ್ಲಿಗೆ ತಾಗಿದ ಕತ್ತಿ ಮಡಚಿದರೆ ಅರ ಹಾಕಿ ಸರಿ ಮಾಡಬಹುದು. ಅಂಗೈ ಅಗಲದ ತುಂಡೇ ಹಾರಿದರೆ ಏನು ಮಾಡುತ್ತೀರಿ?

ಆದರೂ ಕಾರ್ಬನ್ ಸ್ಟೀಲ್ ಅನ್ನುವ ಹೆಸರಿಗೆ ಒಂದು ಅರ್ಥ ಇದೆ. ಸ್ಟೇನ್‌ಲೆಸ್‌ನ ಎಷ್ಟೋ ಬಗೆಗಳಲ್ಲಿ ಕ್ರೋಮಿಯಂ ಮತ್ತು ಕಾರ್ಬನ್ ಕೂಡಿ ದೊಡ್ಡ ಗಟ್ಟಿ ಕಣಗಳಾಗುತ್ತವೆ. ಬಾಯಿ ತುಂಬಾ ತೆಳ್ಳಗಾದರೆ ಆ ಕಣಗಳು ಕಿತ್ತು ಬರುತ್ತವೆ. ಸಾದಾ ಕಾರ್ಬನ್ ಉಕ್ಕಿನಲ್ಲಿ ಕಣಗಳು ಸಣ್ಣವು, ಹಾಗಾಗಿ ಅದು ಕಡಿಮೆ ಕೋನವನ್ನು ಚೆನ್ನಾಗಿ ತಾಳುತ್ತದೆ, ಕಲ್ಲಿನ ಮೇಲೆ ಬೇಗ ಹರಿತವಾಗುತ್ತದೆ. ತುಕ್ಕು ಹಿಡಿಯುವ ಕಷ್ಟಕ್ಕೆ ಬದಲಾಗಿ ನಮಗೆ ಸಿಗುವುದು ಇದೇ. ಮೋರಾಗೆ ಸುಮ್ನೆ 20, 25 ಕೊಟ್ಟರೆ ತುಕ್ಕು ಒರೆಸುವ ಕೆಲಸ ಉಳಿಯುತ್ತದೆ, ಲಾಭ ಹೋಗುತ್ತದೆ.

ಇನ್ನು ವಿಡಿಯೋಗಳ ಗೊಂದಲ. ಒಬ್ಬರು 15, ಒಬ್ಬರು 30 ಅನ್ನುತ್ತಾರೆ ಅಂದಿರಲ್ಲ, ಇಬ್ಬರೂ ಒಂದೇ ಮಾತು ಹೇಳುತ್ತಿರಬಹುದು. ಒಂದು ಮಗ್ಗುಲಿಗೆ 15 ಅಂದರೆ ಎರಡೂ ಸೇರಿ 30. ಮೋರಾದ ಬಗ್ಗೆ 23 ಡಿಗ್ರಿ ಅಂತ ಎಲ್ಲೋ ಓದಿ, ಮಗ್ಗುಲಿಗೆ 23 ಹಿಡಿದು ಮಸೆದವರು ಬಹಳ ಜನ. ಆ 23 ಎರಡೂ ಮಗ್ಗುಲು ಸೇರಿ. ಯಾವ ಅಂಕಿ ಕೇಳಿದರೂ 'ಒಂದು ಕಡೆಯದಾ, ಎರಡೂ ಸೇರಿಯಾ' ಅಂತ ಮೊದಲು ಕೇಳಿಕೊಳ್ಳಿ. ಇಲ್ಲಿ ನಾನು ಬರೆಯುವುದೆಲ್ಲ ಒಂದು ಮಗ್ಗುಲಿನ ಲೆಕ್ಕ.

ನಿಮ್ಮ ಅಲಗಿನಲ್ಲಿ ಈಗ ಯಾವ ಕೋನ ಇದೆ ಅಂತ ಅಳೆಯುವುದು ಸುಲಭ. ಮೋರಾದ ಅಲಗು ಸುಮಾರು 2 ಮಿಮೀ ದಪ್ಪ. ಬಾಯಿಯಿಂದ ಮೇಲಕ್ಕೆ ಹೊಳೆಯುವ ಇಳಿಜಾರಿನ ಅಗಲ ಸುಮಾರು 5 ಮಿಮೀ. ದಪ್ಪದ ಅರ್ಧ 1, ಅದನ್ನು 5ರಿಂದ ಭಾಗಿಸಿ, 57ರಿಂದ ಗುಣಿಸಿ. 11.4 ಬಂತು. ಅದೇ ನಿಮ್ಮ ಕೋನ. ತ್ರಿಕೋನಮಿತಿಯನ್ನು ಮೋಸ ಮಾಡಿದಂತಿದೆ, ಆದರೆ 25 ಡಿಗ್ರಿವರೆಗೂ ಒಂದು ಡಿಗ್ರಿಗಿಂತ ಜಾಸ್ತಿ ತಪ್ಪುವುದಿಲ್ಲ. ಬೇರೆ ಯಾವ ಚಾಕುವಿಗಾದರೂ ಇಳಿಜಾರು ಶುರುವಾಗುವ ಜಾಗದ ದಪ್ಪ ಮತ್ತು ಇಳಿಜಾರಿನ ಅಗಲ ಅಳೆದರೆ ಸಾಕು. ಹಾರ್ಡ್‌ವೇರ್ ಅಂಗಡಿಯ ಅಗ್ಗದ ವರ್ನಿಯರ್ ನಡೆಯುತ್ತದೆ.

ಮಸೆಯುವಾಗ ಕೋನ ಹಿಡಿಯಲು ಕಾಗದ ಸಾಕು. ಹಾಳೆಯ ಮೂಲೆ 90 ಡಿಗ್ರಿ. ಮೂಲೆಯನ್ನು ಸರಿಯಾಗಿ ಅರ್ಧಕ್ಕೆ ಮಡಚಿದರೆ 45, ಇನ್ನೊಮ್ಮೆ ಮಡಚಿದರೆ 22.5, ಮತ್ತೊಮ್ಮೆ 11.25. ನೋಡಿ, ನಿಮ್ಮ ಕತ್ತಿಯ ಕೋನವೂ ಮೋರಾದ ಕೋನವೂ ಒಂದೇ ಹಾಳೆಯಲ್ಲಿ ಸಿಕ್ಕಿತು. ಮಡಚಿದ ಕಾಗದವನ್ನು ಕಲ್ಲಿನ ಮೇಲಿಟ್ಟು ಅಲಗನ್ನು ಅದರ ಪಕ್ಕ ಹಿಡಿದು ಕಣ್ಣಂದಾಜು ಮಾಡಿಕೊಳ್ಳಿ. ಬೆನ್ನು ಕಲ್ಲಿನಿಂದ ಎಷ್ಟು ಮೇಲಿರಬೇಕು ಅನ್ನುವುದಕ್ಕೂ ಅದೇ 57 ಬರುತ್ತದೆ. ಅಲಗಿನ ಅಗಲವನ್ನು ಡಿಗ್ರಿಯಿಂದ ಗುಣಿಸಿ 57ರಿಂದ ಭಾಗಿಸಿ. 30 ಮಿಮೀ ಅಗಲದ ಚಾಕುವಿಗೆ 20 ಡಿಗ್ರಿ ಬೇಕಾದರೆ ಸುಮಾರು 10.5 ಮಿಮೀ. ಇದು ಬೆನ್ನಿನ ದಪ್ಪದ ನಡುವಿಗೆ ಇರುವ ಎತ್ತರ. ಬೆನ್ನು 4 ಮಿಮೀ ದಪ್ಪ ಇದ್ದರೆ ಅದರ ಕೆಳಗಿನ ಅಂಚು ಕಲ್ಲಿನಿಂದ ಸುಮಾರು 8.5 ಮಿಮೀ ಮಾತ್ರ ಮೇಲಿರುತ್ತದೆ. ಬೆನ್ನಿನ ಕೆಳಗೆ ನಾಣ್ಯ ಪೇರಿಸಿ ಅಳೆಯುವವರು ಇದನ್ನು ಮರೆತು ಕೋನವನ್ನು ಜಾಸ್ತಿ ಮಾಡಿಕೊಳ್ಳುತ್ತಾರೆ.

18 ಬೇಕಾ 20 ಬೇಕಾ ಅಂತ ಜಗಳ ಆಡುವವರಿಗೆ ಒಂದು ಮಾತು. 20 ಮಿಮೀ ಅಗಲದ ಅಲಗಿನಲ್ಲಿ 2 ಡಿಗ್ರಿ ಅಂದರೆ ಬೆನ್ನಿನ ಎತ್ತರದಲ್ಲಿ 0.7 ಮಿಮೀ. ಕೈಯಲ್ಲಿ ಮಸೆಯುವಾಗ ಅಷ್ಟು ಅಲ್ಲಾಡದ ಕೈ ನಾನು ನೋಡಿಲ್ಲ. ಅಲ್ಲಾಡಲಿ ಬಿಡಿ, ಏನೂ ಆಗುವುದಿಲ್ಲ.

ನಿಮ್ಮ ಮೋರಾ ಯಾಕೆ ಜಾರುತ್ತದೆ? ಸ್ವೀಡನ್, ನಾರ್ವೆ, ಫಿನ್ಲೆಂಡ್ ಕಡೆಯ ಈ ಚಾಕುಗಳಲ್ಲಿ ಇಳಿಜಾರು ಬಾಯಿಯಿಂದ ಅಗಲವಾಗಿ ಶುರುವಾಗಿ ಒಂದೇ ಸಮತಟ್ಟಾಗಿ ಮೇಲಕ್ಕೆ ಹೋಗುತ್ತದೆ. ಮರ ಕೆತ್ತುವಾಗ ಆ ಸಮತಟ್ಟು ಮರದ ಮೇಲೆ ಕೂರುತ್ತದೆ, ಬಾಯಿ ಅದರ ಜೊತೆಗೇ ಮರಕ್ಕೆ ಇಳಿಯುತ್ತದೆ. ಬಡಗಿಯ ಉಳಿ ಕೆಲಸ ಮಾಡುವ ರೀತಿಯೇ ಇದು. ನೀವು ಅದರ ತುದಿಗೆ 20 ಡಿಗ್ರಿಯ ಇನ್ನೊಂದು ಇಳಿಜಾರು ಕೊಟ್ಟಿದ್ದೀರಿ. ಈಗ ಹಳೆಯ ಸಮತಟ್ಟನ್ನು ಮರಕ್ಕೆ ಒತ್ತಿ ಹಿಡಿದರೆ ಬಾಯಿ ಮರವನ್ನು ಮುಟ್ಟುವುದೇ ಇಲ್ಲ. ಬೆನ್ನನ್ನು ಎತ್ತಿ ಹಿಡಿದರಷ್ಟೇ ಕಚ್ಚುತ್ತದೆ. ಕಾಗದ ಕತ್ತರಿಸಿ ನೋಡಿದರೆ ಹರಿತ ಇರುತ್ತದೆ, ಮರದ ಮೇಲೆ ಮಾತ್ರ ಜಾರುತ್ತದೆ. ಹರಿತಕ್ಕೂ ಆಕಾರಕ್ಕೂ ಇರುವ ವ್ಯತ್ಯಾಸ ಇದೇ.

ಸರಿ ಮಾಡುವುದು ಹೀಗೆ. ಇಳಿಜಾರಿನ ಮೇಲೆ ಕಪ್ಪು ಮಾರ್ಕರ್ ಬಳಿಯಿರಿ. ಒರಟು ಕಲ್ಲಿನ ಮೇಲೆ, 400 ಗ್ರಿಟ್ ಆಸುಪಾಸಿನದು (ಗ್ರಿಟ್ ಅಂದರೆ ಕಲ್ಲಿನ ಕಣದ ಅಳತೆ, ಅಂಕಿ ಹೆಚ್ಚಾದಷ್ಟೂ ನಯ), ಅಗಲದ ಸಮತಟ್ಟನ್ನು ಪೂರ್ತಿ ಕೂರಿಸಿ ಮಸೆಯಿರಿ. ಮೊದಲು ಮೇಲುಗಡೆಯ ಮಸಿ ಹೋಗುತ್ತದೆ, ಬಾಯಿಯ ಅಂಚಿನಲ್ಲಿ ಒಂದು ಕಪ್ಪು ಗೆರೆ ಉಳಿಯುತ್ತದೆ. ಆ ಗೆರೆಯೇ ನಿಮ್ಮ 20 ಡಿಗ್ರಿ. ಅದು ಸವೆದು ಮಾಯವಾಗುವವರೆಗೆ ಮಸೆಯಬೇಕು. ಬೇಜಾರಿನ ಕೆಲಸ, ತೆಗೆಯಬೇಕಾದ ಲೋಹ ಜಾಸ್ತಿ. ಅವಸರಕ್ಕೆ ಬೆನ್ನು ಎತ್ತಬೇಡಿ, ಎತ್ತಿದರೆ ಮತ್ತೆ ಅದೇ ಕಥೆ. ಇನ್ನೊಂದು ಮಗ್ಗುಲಿನಲ್ಲಿ ಬಾಯಿಯುದ್ದಕ್ಕೂ ಸಣ್ಣ ಒರಟು ಬೆರಳಿಗೆ ಸಿಕ್ಕರೆ ಆ ಕಡೆ ಮುಗಿಯಿತು. ಅದಕ್ಕೆ ಬರ್ ಅನ್ನುತ್ತಾರೆ. ಎರಡೂ ಕಡೆ ಹಾಗೆ ಮಾಡಿ, 1000 ಗ್ರಿಟ್‌ಗೆ ಹೋಗಿ, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದಾಗಿ ನಾಲ್ಕಾರು ಸಲ ಎಳೆಯಿರಿ.

ಈಗ ಅದನ್ನು ಬಳಸಿ ನೋಡಿ. ಕಡ್ಡಿ ಕೆತ್ತಲು, ಹಗ್ಗ, ತರಕಾರಿ, ಸೀಳು ಕಟ್ಟಿಗೆಗೆ ಈ ಬಾಯಿ ಸಾಕು. ಒಣಗಿದ ಮರದ ಗಂಟಿಗೆ ಹಾಕಿ ತಿರುಚಿದರೆ ತಾಳದೇ ಇರಬಹುದು. ಆಗ ಮಾತ್ರ ನಯವಾದ ಕಲ್ಲಿನ ಮೇಲೆ ಬೆನ್ನನ್ನು ಇನ್ನೊಂದು ಮಿಮೀಗಿಂತ ಸ್ವಲ್ಪ ಜಾಸ್ತಿ ಎತ್ತಿ, ಭಾರ ಹಾಕದೆ, ಎರಡೂ ಕಡೆ ಮೂರು ನಾಲ್ಕು ಸಲ ಎಳೆಯಿರಿ. ಅಂಚಿನಲ್ಲಿ ಕೂದಲೆಳೆಯಷ್ಟು 15 ಡಿಗ್ರಿ ಬರುತ್ತದೆ. ಕಣ್ಣಿಗೆ ಕಂಡೂ ಕಾಣದಷ್ಟು ಇರಬೇಕು. ಮಸೆಯುತ್ತಾ ಮಸೆಯುತ್ತಾ ಅದು ಅಗಲವಾಗಿ ಎದ್ದು ಕಂಡರೆ ಮತ್ತೆ ಸಮತಟ್ಟಿಗೆ ಇಳಿದು ಅದನ್ನು ಅಳಿಸಿ.

ಕತ್ತಿಯ ಕಥೆ ಬೇರೆ. ಅದನ್ನು ಹೊಸದು ಅಂದಿರಿ. ಹಾಗಾಗಿ ಕೋನವನ್ನು ಬೈಯುವ ಮೊದಲು ಉಕ್ಕನ್ನು ಅನುಮಾನಿಸಿ. ಕುಲುಮೆಯಲ್ಲಿ ಮತ್ತೆ ಮತ್ತೆ ಕೆಂಪಗೆ ಕಾಯಿಸಿ ಬಡಿಯುವಾಗ ಉಕ್ಕಿನ ಮೇಲ್ಮೈಯ ಕಾರ್ಬನ್ ಗಾಳಿಯ ಜೊತೆ ಸೇರಿ ಹೋಗಿಬಿಡುತ್ತದೆ. ಮೇಲಿನ ತೆಳು ಪದರ ಮೆತ್ತಗಾಗುತ್ತದೆ. ಹೊಸ ಕತ್ತಿಯ ಬಾಯಿಯಲ್ಲಿ ಆ ಪದರ ಉಳಿದಿದ್ದರೆ ಯಾವ ಕೋನ ಕೊಟ್ಟರೂ ಮಡಚುತ್ತದೆ. ಎರಡು ಮೂರು ಸಲ ಚೆನ್ನಾಗಿ ಅರ ಹಾಕಿ ಒಳಗಿನ ಉಕ್ಕು ಬಾಯಿಗೆ ಬಂದ ಮೇಲೆ ಅದೇ ಕತ್ತಿ ಬೇರೆಯೇ ಆಗಿರುತ್ತದೆ. ಊರಲ್ಲಿ 'ಕತ್ತಿ ಸ್ವಲ್ಪ ಹಳೆಯದಾಗಲಿ, ಆಮೇಲೆ ನೋಡು' ಅನ್ನುವುದರ ಹಿಂದೆ ಇದೂ ಇದೆ.

ಎರಡನೆಯ ಅನುಮಾನ ಗ್ರೈಂಡರ್ ಮೇಲೆ. ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹುಲ್ಲಿನ ಹಳದಿ ಬಣ್ಣ ಬರುತ್ತದೆ, 300ರ ಹತ್ತಿರ ನೀಲಿ. ಗ್ರೈಂಡರ್ ಚಕ್ರಕ್ಕೆ ಹಿಡಿದಾಗ ತೆಳ್ಳಗಿನ ಬಾಯಿ ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿಯಾಗಿರುತ್ತದೆ. ಆ ಜಾಗದ ಹದ ಹೋಯಿತು ಅಂತಲೇ ಲೆಕ್ಕ. ನೀಲಿ ಕಂಡರೆ ಅಷ್ಟು ಭಾಗವನ್ನು ಅರದಲ್ಲೇ ಸವೆಸಿ ತೆಗೆಯಿರಿ. ಗ್ರೈಂಡರ್ ಬಿಟ್ಟರೆ ಗತಿಯಿಲ್ಲ ಅನ್ನುವವರು ಬರಿಗೈಯಲ್ಲಿ ಹಿಡಿದು, ಬಾಯಿ ಬೆಚ್ಚಗಾದ ಕೂಡಲೇ ನೀರಿಗೆ ಅದ್ದುತ್ತಾ ಮಾಡಬೇಕು.

ಉಕ್ಕಿನ ಗಡಸುತನ ನೋಡಲು ಹೊಸ ಅರದಿಂದ ಬಾಯಿಯ ಹತ್ತಿರ ಒಮ್ಮೆ ತೀಡಿ. ಅರ ಬೆಣ್ಣೆಗೆ ಇಳಿದಂತೆ ಇಳಿದರೆ ಹದವೇ ಬಿದ್ದಿಲ್ಲ, ಕಮ್ಮಾರರ ಹತ್ತಿರ ವಾಪಸು ಒಯ್ಯಿರಿ. ಜಾರಿ ಹೋದರೆ ತುಂಬಾ ಗಡಸು, ಕಲ್ಲಿನಲ್ಲೇ ಮಸೆಯಬೇಕು, ಕೋನವನ್ನೂ 25ರ ಮೇಲೆ ಇಡಬೇಕು. ಸ್ವಲ್ಪ ಒತ್ತಿದ ಮೇಲೆ ಕಚ್ಚಿದರೆ ತೋಟದ ಕತ್ತಿಗೆ ಅದೇ ಹದ.

ಇಷ್ಟೆಲ್ಲ ಸರಿ ಇದ್ದ ಮೇಲೆ ದಪ್ಪದ ಮಾತು. ನನ್ನ ಪ್ರಕಾರ ಜನ ಡಿಗ್ರಿಗೆ ಕೊಡುವ ಗಮನದಲ್ಲಿ ಅರ್ಧವನ್ನು ಇದಕ್ಕೆ ಕೊಟ್ಟರೂ ಸಾಕು. ಬಾಯಿಯ ಇಳಿಜಾರು ಮುಗಿದು ಅಲಗಿನ ಮೈ ಶುರುವಾಗುವ ಜಾಗವನ್ನು ಹೆಗಲು ಅನ್ನೋಣ. ಅಲ್ಲಿ ಎಷ್ಟು ದಪ್ಪ ಇದೆ? ಫ್ರಾನ್ಸ್‌ನ ಒಪಿನೆಲ್ ಮಡಚು ಚಾಕುವಿನಲ್ಲೂ 20 ಡಿಗ್ರಿ ಇರಬಹುದು, ನಿಮ್ಮ ಕತ್ತಿಯಲ್ಲೂ 20 ಇರಬಹುದು. ಒಪಿನೆಲ್‌ನ ಇಡೀ ಅಲಗೇ 2 ಮಿಮೀಗಿಂತ ತೆಳು, ಹೆಗಲಿನ ಹತ್ತಿರ ಇನ್ನೂ ತೆಳು. ಕತ್ತಿಯ ಹೆಗಲು ಒಂದೂವರೆ ಮಿಮೀ ಇದ್ದರೆ, ಡಿಗ್ರಿ ಎಷ್ಟೇ ಇರಲಿ, ಅದು ಬಾಳೆದಿಂಡಿನಲ್ಲೂ ಸಿಕ್ಕಿಹಾಕಿಕೊಳ್ಳುತ್ತದೆ. ತೋಟದ ಕತ್ತಿಗೆ ಹೆಗಲಲ್ಲಿ 0.8ರಿಂದ 1 ಮಿಮೀ, ಒಪಿನೆಲ್‌ನಂಥ ಚಾರಣದ ಚಾಕುವಿಗೆ ಅರ್ಧ ಮಿಮೀ ಆಸುಪಾಸು ನನಗೆ ಸರಿ ಕಂಡಿದೆ. ಒಂದೇ ಅಗಲದ ಸಮತಟ್ಟು ಇರುವ ಮೋರಾಗೆ ಈ ಲೆಕ್ಕ ಬೇಡ.

ಇನ್ನೊಂದು ವಿಷಯ. ಅಲಗು ಬೆನ್ನಿನ ಕಡೆಗೆ ಹೋದಂತೆ ದಪ್ಪವಾಗುತ್ತದೆ, ಅಲ್ವಾ? ಹಾಗಾದರೆ ಪ್ರತಿ ಸಲ ಮಸೆದಾಗಲೂ ಬಾಯಿ ಆ ದಪ್ಪದ ಕಡೆಗೆ ಸರಿಯುತ್ತದೆ. ಡಿಗ್ರಿ ಅದೇ ಇದ್ದರೂ ಹೆಗಲು ದಪ್ಪವಾಗುತ್ತಾ ಹೋಗುತ್ತದೆ. ಹಳೆಯ ಕತ್ತಿಗಳು ಹರಿತ ಇದ್ದೂ ಕೆಲಸಕ್ಕೆ ಬಾರದಂತೆ ಆಗುವುದು ಇದರಿಂದಲೇ. ಮದ್ದು ಏನೆಂದರೆ ಹೆಗಲಿಗೆ 12ರಿಂದ 15 ಡಿಗ್ರಿಯಲ್ಲಿ ಅರ ಹಾಕಿ ದಪ್ಪ ಇಳಿಸಿ, ಆಮೇಲೆ ಅಂಚಿಗೆ ಮಾತ್ರ 22 ಅಥವಾ 25 ಕೊಡಿ. ಎರಡು ಇಳಿಜಾರು ಸೇರುವ ಏಣನ್ನು ಮರಳು ಕಾಗದದಿಂದ ಸ್ವಲ್ಪ ಉರುಟು ಮಾಡಿದರೆ ಇನ್ನೂ ಒಳ್ಳೆಯದು, ಕತ್ತಿ ಮರದಿಂದ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಹಳೆಯ ರಬ್ಬರ್ ಚಪ್ಪಲಿಯ ಮೇಲೆ ಮರಳು ಕಾಗದ ಸುತ್ತಿ ಎಳೆದರೆ ಆ ಉಬ್ಬು ತಾನಾಗಿಯೇ ಬರುತ್ತದೆ.

ಈಗ ನಿಮ್ಮದೇ ಅಂಕಿ ಕಂಡುಹಿಡಿಯುವುದು. ಕಡಿಮೆಯಿಂದ ಶುರು ಮಾಡಿ, ಕತ್ತಿಗಾದರೆ 22.5. ಒಂದು ದಿನ ಮಾಮೂಲಿ ಕೆಲಸ ಮಾಡಿ, ಸಂಜೆ ಬಾಯಿಯನ್ನು ದೀಪದ ಕೆಳಗೆ ನೋಡಿ. ಅಂಚನ್ನು ನೇರ ಕಣ್ಣಿಗೆ ಹಿಡಿದಾಗ ಉದ್ದಕ್ಕೂ ತೆಳುವಾಗಿ ಬೆಳಕು ಹೊಳೆದರೆ ಅದು ಸಹಜ ಸವೆತ, ಕೋನ ಬದಲಿಸಬೇಡಿ, ಮಸೆದರೆ ಆಯಿತು. ಬೆರಳುಗುರನ್ನು ಬೆನ್ನಿನಿಂದ ಬಾಯಿಯ ಕಡೆ ಜಾರಿಸಿದಾಗ ಒಂದು ಮಗ್ಗುಲಲ್ಲಿ ತಡೆದರೆ ಬಾಯಿ ಮಡಚಿದೆ. ಅಂಚಿನಲ್ಲಿ ಹಲ್ಲು ಬಿದ್ದಂತೆ ಸಣ್ಣ ಸಣ್ಣ ಕಚ್ಚು ಕಂಡರೆ ಉದುರಿದೆ. ಮಡಚಿದರೂ ಉದುರಿದರೂ 2 ಡಿಗ್ರಿ ಏರಿಸಿ, ಅದೂ ಅಂಚಿಗೆ ಮಾತ್ರ. ಮತ್ತೆ ಕೆಲಸ, ಮತ್ತೆ ನೋಡುವುದು. ನಿಂತಲ್ಲಿಗೆ ನಿಮ್ಮ ಕೋನ ಸಿಕ್ಕಿತು. 30 ಕೊಟ್ಟ ಮೇಲೂ ಮಡಚುತ್ತಿದ್ದರೆ ಅದು ಕೋನದ ತಪ್ಪಲ್ಲ, ಹದದ ತಪ್ಪು. ಅಥವಾ ಕೈಯದು: ಕಡಿದು ಸಿಕ್ಕಿದ ಕತ್ತಿಯನ್ನು ಹೊರಳಿಸಿ ಎಬ್ಬುವ ಅಭ್ಯಾಸ ಇದ್ದರೆ ಯಾವ ಬಾಯಿಯೂ ಉಳಿಯುವುದಿಲ್ಲ. ಹೋದ ದಾರಿಯಲ್ಲೇ ಹಿಂದಕ್ಕೆ ಎಳೆಯಬೇಕು.

ಹೆಚ್ಚಿನವರು ಮೇಲಿನಿಂದ ಕೆಳಕ್ಕೆ ಬರುತ್ತಾರೆ, 30ರಲ್ಲಿ ಶುರು ಮಾಡಿ ಅಲ್ಲೇ ಉಳಿಯುತ್ತಾರೆ. 30ರ ಬಾಯಿ ಯಾವತ್ತೂ ದೂರು ಹೇಳುವುದಿಲ್ಲ, ಹಾಗಾಗಿ ಅದು ಇನ್ನೂ ಎಷ್ಟು ಚೆನ್ನಾಗಿ ಕತ್ತರಿಸಬಹುದಿತ್ತು ಅನ್ನುವುದು ಅವರಿಗೆ ಗೊತ್ತೇ ಆಗುವುದಿಲ್ಲ. ಕಡಿಮೆ ಕೋನ ಬೇಗ ಮೊಂಡಾಗುತ್ತದೆ ಅನ್ನುವ ಮಾತೂ ಪೂರ್ತಿ ನಿಜ ಅಲ್ಲ. ಮಡಚದೆ ಉದುರದೆ ಇರುವಷ್ಟು ಹೊತ್ತು ತೆಳು ಬಾಯಿಯೇ ಹೆಚ್ಚು ಕಾಲ ಕತ್ತರಿಸುತ್ತದೆ, ಸ್ವಲ್ಪ ಸವೆದ ಮೇಲೂ ಅದು ದಪ್ಪ ಬಾಯಿಗಿಂತ ತೆಳ್ಳಗೇ ಇರುತ್ತದೆ.

ಬಿದಿರು ಮಾತ್ರ ನಿಜಕ್ಕೂ ಕಷ್ಟದ ಗಿರಾಕಿ. ಅದರ ಹೊರಸಿಪ್ಪೆಯಲ್ಲಿ ಸಿಲಿಕಾ ಇದೆ, ಅಂದರೆ ಮರಳಿನದೇ ಸರಕು. ಬಾಯಿಯನ್ನು ಉಜ್ಜಿ ತಿನ್ನುತ್ತದೆ. ಅಡ್ಡ ಕಡಿಯುವ ಬದಲು ಓರೆಯಾಗಿ ಕಡಿಯಿರಿ. ಬಿದಿರೇ ದಿನದ ಕೆಲಸವಾದರೆ 25 ಕೊಡಿ. ಹುಲ್ಲು, ಸೊಪ್ಪು, ಬಾಳೆ ಜಾಸ್ತಿ ಇದ್ದರೆ 20ಕ್ಕೇ ಇಳಿಸಬಹುದು. ಕತ್ತಿಯ ಹಿಡಿಯ ಹತ್ತಿರದ ಭಾಗ 20, ಹೊಡೆತ ಬೀಳುವ ಮುಂಭಾಗ 25 ಇಟ್ಟರೂ ತಪ್ಪೇನಿಲ್ಲ. ಒಂದೇ ಅಲಗಿಗೆ ಒಂದೇ ಕೋನ ಇರಬೇಕೆಂಬ ಕಾನೂನು ಇಲ್ಲ. ಕತ್ತಿಯನ್ನು ಕನ್ನಡಿಯಂತೆ ನಯ ಮಾಡಲು ಹೋಗಬೇಡಿ. ನಯವಾದ ಅರದ ಬಾಯಿ ಅಥವಾ 400 ಗ್ರಿಟ್ ಸಾಕು. ಅದರ ಸಣ್ಣ ಒರಟು ನಾರನ್ನು ಹಿಡಿದು ಕೊಯ್ಯುತ್ತದೆ.

ಮಳೆಗಾಲದಲ್ಲಿ ಒಂದು ಎಚ್ಚರ. ತುಕ್ಕು ಮೊದಲು ತಿನ್ನುವುದು ತೀರಾ ತೆಳುವಾದ ಅಂಚನ್ನೇ. ಬಳಸದೆ ಇಟ್ಟ ಮೋರಾ ವಾರ ಬಿಟ್ಟು ತೆಗೆದಾಗ ಮೊಂಡಾಗಿದ್ದರೆ ಕಾರಣ ಇದು. ಒರೆಸಿ, ಒಣಗಿಸಿ, ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ. ಬೇರೆ ಅಡುಗೆ ಎಣ್ಣೆಗಳು ಕೆಲವು ವಾರಕ್ಕೆ ಅಂಟಾಗುತ್ತವೆ, ಇದು ಅಷ್ಟಾಗಿ ಆಗುವುದಿಲ್ಲ. ಹಸಿ ಅಡಿಕೆ ಅಥವಾ ಬಾಳೆಕಾಯಿಯ ಚೊಗರಿನಿಂದ ಅಲಗು ಕಪ್ಪಾದರೆ ಉಜ್ಜಿ ತೆಗೆಯಬೇಡಿ. ಆ ಕಪ್ಪು ತುಕ್ಕಲ್ಲ, ಕೆಂಪು ತುಕ್ಕನ್ನು ಸ್ವಲ್ಪ ತಡೆಯುತ್ತದೆ ಕೂಡ.

ಕೊನೆಗೆ ಸಾಧನದ ಪ್ರಶ್ನೆ. ಮೋರಾಗೆ ಬೇಡ, ಕೋನ ಹಿಡಿದುಕೊಡುವ ಸಮತಟ್ಟು ಅದರ ಮೈಯಲ್ಲೇ ಇದೆ. ಕತ್ತಿ ಬಾಗಿರುತ್ತದೆ, ಭಾರ ಇರುತ್ತದೆ, ಬೆನ್ನಿಗೆ ಕಚ್ಚಿಸುವ ಆ ಸಾಧನಗಳಿಗೆ ಅದು ಹೊಂದುವುದೇ ಇಲ್ಲ. ನಡುವಿನ ಸಂದಿಯಲ್ಲಿ ಚಾಕು ಎಳೆಯುವ ಅಗ್ಗದ ಡಬ್ಬಿಗಳಂತೂ ಬೇಡವೇ ಬೇಡ, ಅವು ತಮ್ಮದೇ ಒಂದು ಕೋನವನ್ನು ಹೇರಿ ಉಕ್ಕನ್ನು ಕೆರೆದು ಹಾಕುತ್ತವೆ. ಆ ದುಡ್ಡಿಗೆ ಒಂದು ಕಡೆ 400, ಇನ್ನೊಂದು ಕಡೆ 1000 ಇರುವ ಕಲ್ಲು ಮತ್ತು ಒಂದು ಚಪ್ಪಟೆ ಅರ ತೆಗೆದುಕೊಳ್ಳಿ. ಅರಕ್ಕೆ ಮರದ ಹಿಡಿ ಇರಲಿ, ಬಾಲದ ಚೂಪು ಅಂಗೈಗೆ ಹೊಕ್ಕುತ್ತದೆ. ಕತ್ತಿಯನ್ನು ವೈಸ್‌ಗೋ ಹಲಗೆಗೋ ಬಿಗಿದು, ಚರ್ಮದ ಗ್ಲೌಸ್ ಹಾಕಿಕೊಂಡು, ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಿ. ವಾಪಸು ಎಳೆಯುವಾಗ ಎತ್ತಿಬಿಡಿ, ಇಲ್ಲದಿದ್ದರೆ ಅರದ ಹಲ್ಲೇ ಬೇಗ ಹೋಗುತ್ತದೆ.